ಒರೆಸದೆ ಉಳಿಸಿಕೊಂಡ ನೊರೆ

ನಮ್ಮ ಮಾವನ ಕೈಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡು, ಅವನನ್ನೇ ಹುಡುಕುತ್ತ ಬೀದಿಗೆ ಬಂದವರಲ್ಲಿ ಒಬ್ಬ ಪೊಲೀಸಪ್ಪನೂ ಇದ್ದ. ಕೊರಳಲ್ಲಿ ಬಿಳಿ ಬಟ್ಟೆ, ಕೈಯಲ್ಲಿ ಟೋಪಿ, ಒಂದು ಕೆನ್ನೆ ತುಂಬ ಸಾಬೂನು. "ಏನ್ರೀ, ಈ ಕ್ಷೌರದವನನ್ನ ಕಂಡ್ರಾ?" ಎಂದು ಆತ ಹಣ್ಣಿನಂಗಡಿಯವನನ್ನು ಕೇಳಿದರೆ, "ಕಳ್ಳನನ್ನಾದ್ರೂ ಹಿಡೀಬಹುದು ಸ್ವಾಮಿ, ಅವನನ್ನ ಹಿಡಿಯೋಕಾಗಲ್ಲ" ಎಂದು ಉತ್ತರ ಬಂತಂತೆ. ಮಾವ ಆ ಹೊತ್ತಿಗೆ ಪಕ್ಕದ ಬೀದಿಯಲ್ಲಿ ಯಾರದೋ ಕೆಟ್ಟುನಿಂತ ಸ್ಕೂಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತನಗೇನೂ ಗೊತ್ತಿಲ್ಲದ ಇಂಜಿನ್ನಿನ ಬಗ್ಗೆ ಸಲಹೆ ಕೊಡುತ್ತಿದ್ದ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನದೊಂದು ಕ್ಷೌರದಂಗಡಿ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಅದರ ಕೆಳಗೆ ಬ್ರಷ್ಷು ಬಾಚಣಿಗೆಗಳ ಗೂಡು, ಬಾಗಿಲ ಹತ್ತಿರ ಕಾಯುವವರಿಗೊಂದು ಬೆಂಚು. ಕೈ ಮಾತ್ರ ಚಿನ್ನದಂಥದು. ಅವನು ರೇಜರ್ ಆಡಿಸಿದರೆ ಕೆನ್ನೆಯ ಮೇಲೆ ಗಾಳಿ ಹೋದ ಹಾಗಿರುತ್ತಿತ್ತು. ತೊಂದರೆ ಇದ್ದದ್ದು ಗಮನದಲ್ಲಿ. ಬೀದಿಯಲ್ಲಿ ಒಂದು ಹಾರನ್ ಜೋರಾಗಿ ಹೊಡೆದರೆ ಸಾಕು, ಅವನ ಕತ್ತು ತಿರುಗುತ್ತಿತ್ತು. ಕತ್ತಿನ ಹಿಂದೆ ಕಾಲು. ಕಾಲಿನ ಹಿಂದೆ ಇಡೀ ಮಾವ. "ಒಂದೇ ನಿಮಿಷ, ಬಂದೆ" ಎಂದು ಹೋದವನು ಯಾವಾಗ ಬರುತ್ತಾನೆ ಎನ್ನುವುದು ಅವನಿಗೇ ಗೊತ್ತಿರುತ್ತಿರಲಿಲ್ಲ. ಬೀದಿಯವರು ಅವನಿಗಿಟ್ಟ ಹೆಸರು ಅರ್ಧಣ್ಣ.

ಮನೆಯಲ್ಲೂ ಅದೇ ಕಥೆ. ಅರ್ಧ ಬಣ್ಣ ಬಳಿದ ಕಿಟಕಿ, ಅರ್ಧ ಹೊಡೆದ ಮೊಳೆ, ನಾಲ್ಕು ಕಾಲಿನ ಬದಲು ಮೂರಕ್ಕೆ ನಿಂತುಹೋದ ಸ್ಟೂಲು. ಭಾನುವಾರ ಅತ್ತೆಯ ಜೊತೆ ಚರ್ಚಿಗೆ ಹೋಗುತ್ತಿದ್ದ, ಇಲ್ಲವೆನ್ನುವಂತಿಲ್ಲ. ಆದರೆ ಕೂರುವುದು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ. ಪಾಸ್ಟರ ಪ್ರಸಂಗ ನಡುವಿಗೆ ಬರುವಷ್ಟರಲ್ಲಿ ಬೆಂಚು ಖಾಲಿ. "ಅತ್ತಿಗೆ, ದೇವರ ಮುಂದೆ ಕೂತೋರು ಹೀಗೆ ಮಧ್ಯದಲ್ಲಿ ಎದ್ದು ಹೋಗ್ತಾರಾ? ನಿಮ್ಮ ತಮ್ಮನಿಗೆ ನೀವೇ ಹೇಳಿ" ಎಂದು ಅತ್ತೆ ನನ್ನ ಅಮ್ಮನ ಹತ್ತಿರ ಬಂದು ಗೋಳಾಡುತ್ತಿದ್ದಳು. ಅಮ್ಮ, "ಹುಟ್ಟುವಾಗಲೂ ಅರ್ಧ ಹೊರಗೆ ಬಂದು ಯಾರೋ ಕರೆದ್ರು ಅಂತ ನಿಂತಿದ್ದನಂತೆ ಕಣೇ" ಎಂದು ನಗಿಸಿ ಕಳಿಸುತ್ತಿದ್ದಳು.

ಎಲ್ಲರೂ ನಗುತ್ತಿದ್ದರು. ನಗದೆ ಉಳಿದವಳು ಒಬ್ಬಳೇ, ಅವನ ಮಗಳು ಪುಟ್ಟಿ.

ಶಾಲೆಯಲ್ಲಿ ತರಗತಿಯ ಫೋಟೋ ತೆಗೆಯುವ ಹಿಂದಿನ ಸಂಜೆ ಪುಟ್ಟಿ ಅಪ್ಪನ ಅಂಗಡಿಗೆ ಹೋಗಿದ್ದಳು. ಕಿವಿಯವರೆಗೆ ಕೂದಲು ಕತ್ತರಿಸಿಕೊಳ್ಳಬೇಕೆಂದು ತುಂಬ ದಿನದಿಂದ ಆಸೆ. ಮಾವ ಕುರ್ಚಿಯ ತೋಳುಗಳ ಮೇಲೆ ಹಲಗೆ ಹಾಕಿ, ಮಗಳನ್ನು ಎತ್ತಿ ಕೂರಿಸಿ, ಎಡಗಡೆ ಕತ್ತರಿಸಿದ. ಚೆನ್ನಾಗಿಯೇ ಕತ್ತರಿಸಿದ. ಅಷ್ಟರಲ್ಲಿ ಹೊರಗೆ ಎರಡು ಆಟೋದವರ ಜಗಳ ಶುರುವಾಯಿತು. "ಅಲ್ಲಾಡದೆ ಕೂತಿರು ಬಂಗಾರ, ಒಂದೇ ನಿಮಿಷ" ಎಂದ. ಜಗಳ ಬಿಡಿಸಲು ಹೋದವನು ಅವರನ್ನು ರಾಜಿ ಮಾಡಿಸಲು ಟೀ ಅಂಗಡಿಗೆ ಹೋದ, ಅಲ್ಲಿಂದ ಆಟೋ ಹತ್ತಿ ಇನ್ನೆಲ್ಲಿಗೋ ಹೋದ. ಪುಟ್ಟಿ ಅಲ್ಲಾಡದೆ ಕೂತಿದ್ದಳು. ಬೀದಿಯ ದೀಪಗಳು ಹತ್ತಿದವು. ಕಡೆಗೆ ತಾನೇ ಹಲಗೆಯಿಂದ ಜಾರಿ ಇಳಿದು, ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ ಕೂದಲಲ್ಲಿ ಮನೆಗೆ ನಡೆದು ಬಂದಳು. ಅತ್ತೆ ಅಡುಗೆಮನೆಯ ಕತ್ತರಿಯಲ್ಲಿ ಬಲಗಡೆಯನ್ನು ಸರಿಮಾಡಲು ಹೋಗಿ ಇನ್ನಷ್ಟು ಸೊಟ್ಟ ಮಾಡಿದಳು.

ಆ ಫೋಟೋ ಅವರ ಮನೆಯ ಗೋಡೆಯ ಮೇಲಿದೆ. ಎಲ್ಲ ಮಕ್ಕಳೂ ಕೈ ಕೆಳಗಿಟ್ಟು ನಿಂತಿದ್ದಾರೆ. ಪುಟ್ಟಿಯೊಬ್ಬಳು ಬಲಗಿವಿಯ ಮೇಲೆ ಅಂಗೈ ಮುಚ್ಚಿಕೊಂಡಿದ್ದಾಳೆ.

ಮಾವ ಕ್ಷಮೆ ಕೇಳಿದ, ಚಾಕೊಲೇಟ್ ತಂದ, ಕಿವಿ ಹಿಡಿದುಕೊಂಡು ಬಸ್ಕಿಯನ್ನೂ ಹೊಡೆದ. ಪುಟ್ಟಿ ಬೈಯಲಿಲ್ಲ, ಅಳಲಿಲ್ಲ. "ಪರವಾಗಿಲ್ಲ ಅಪ್ಪ. ಆದ್ರೆ ನಾನಿನ್ನು ಆ ಕುರ್ಚೀಲಿ ಕೂರಲ್ಲ" ಎಂದಳು. ಅಷ್ಟೇ. ಆಮೇಲೆ ಕೂದಲು ಬೆಳೆಸಿ ಜಡೆ ಹಾಕಿಕೊಂಡಳು. ಅಂಗಡಿಯ ಮುಂದೆ ಹಾದುಹೋಗುವಾಗ ಆಚೆ ಬದಿಯ ಫುಟ್‌ಪಾತ್ ಹಿಡಿಯುತ್ತಿದ್ದಳು. ಊರಿನವರ ತಲೆಯೆಲ್ಲ ಕೈಗೆ ಬರುತ್ತಿದ್ದ ಮಾವನಿಗೆ ಸ್ವಂತ ಮಗಳ ತಲೆ ಸಿಗದೆ ಹೋಯಿತು. ಅವನು ಹೊರಗೆ ಎಷ್ಟೇ ತಮಾಷೆ ಮಾಡಿದರೂ ಅದೊಂದು ಮುಳ್ಳು ಒಳಗೆ ಕೂತೇ ಇತ್ತು. ಹಾಗಂತ ಅವನು ಬದಲಾಗಲಿಲ್ಲ. ಬದಲಾಗಲು ಅವನಿಗೆ ಬರುತ್ತಿರಲಿಲ್ಲ.

ಇನ್ನು ಬಸ್ ತಾತನ ವಿಷಯ. ಅವರು ಬಸ್ ಓಡಿಸಿ ನಿವೃತ್ತರಾದವರು. ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದ್ದವು, ಮಾತು ತಡೆದು ತಡೆದು ಬರುತ್ತಿತ್ತು. ಅತ್ತೆ ಹೋಗುವ ಚರ್ಚಿನವರೇ. ಅಂಗಡಿಗೆ ಎದುರಿನ ಸಾಲಿನಲ್ಲಿ, ಮೂರನೇ ಮಹಡಿಯಲ್ಲಿ ಮಗ ಸೊಸೆಯ ಜೊತೆ ಇದ್ದರು. ವಾರಕ್ಕೊಮ್ಮೆ ಮಾವ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿ ಹೋಗಿ, ಕಿಟಕಿಯ ಪಕ್ಕ ಅವರನ್ನು ಕೂರಿಸಿ ಗಡ್ಡ ಮಾಡಿ ಬರುತ್ತಿದ್ದ. ತಾತನ ಸೊಸೆ ಬಾಯಿ ಜೋರು. "ಇವತ್ತು ಪೂರ್ತಿನೋ ಅರ್ಧನೋ? ಮೊದಲೇ ಹೇಳಿ, ಉಳಿದದ್ದು ನಾನು ಈರುಳ್ಳಿ ಹೆಚ್ಚೋ ಚಾಕೂಲಿ ಕೆರೀತೀನಿ" ಎಂದೇ ಬಾಗಿಲು ತೆಗೆಯುತ್ತಿದ್ದಳು.

ಆ ದಿನ ಬೆಳಿಗ್ಗೆ ಮಾವ ತಾತನ ಮುಖಕ್ಕೆ ನೊರೆ ಹಚ್ಚಿ ಬಲಗೆನ್ನೆ ಮುಗಿಸಿದ್ದ. ಕಿಟಕಿಯಾಚೆ ದೊಡ್ಡದೊಂದು ಕ್ರೇನು ಬಂದು ನಿಂತಿತು. ಎದುರು ಕಟ್ಟಡದ ತಾರಸಿಗೆ ನೀರಿನ ಟ್ಯಾಂಕ್ ಏರಿಸುವ ಕೆಲಸ. ಟ್ಯಾಂಕ್ ಗಾಳಿಯಲ್ಲಿ ತೂಗಾಡುತ್ತ ಮೇಲೆ ಬರುತ್ತಿದೆ, ಕೆಳಗೆ ಜನ "ಎಡಕ್ಕೆ, ಎಡಕ್ಕೆ" ಎಂದು ಕೂಗುತ್ತಿದ್ದಾರೆ. ಇಂಥದ್ದನ್ನು ಬಿಟ್ಟು ಮಾವ ಇರುವುದುಂಟೇ? "ತಾತಾ, ಒಂದೇ ನಿಮಿಷ, ಬಂದೆ" ಎಂದವನೇ ಮೆಟ್ಟಿಲು ಇಳಿದ. ಕ್ರೇನಿನವನಿಗೆ ಕೈಸನ್ನೆ ಮಾಡಿದ, ಹಗ್ಗ ಹಿಡಿದ, ಟ್ಯಾಂಕ್ ಕೂತ ಮೇಲೆ ಎಲ್ಲರ ಜೊತೆ ಟೀ ಕುಡಿದ. ಬಳಿಕ ನೇರ ತನ್ನ ಅಂಗಡಿಗೆ ಹೋಗಿ, ಬೆಂಚಿನ ಮೇಲೆ ಕಾಯುತ್ತಿದ್ದವನನ್ನು ಕೂರಿಸಿಕೊಂಡು ಕೂದಲು ಕತ್ತರಿಸಿದ. ತಾತ ಅವನ ತಲೆಯಿಂದ ಪೂರ್ತಿ ಅಳಿಸಿಹೋಗಿದ್ದರು.

ಕೂದಲು ಮುಗಿಸಿ ಗಡ್ಡಕ್ಕೆಂದು ಗೂಡಿಗೆ ಕೈ ಹಾಕಿದ. ಬ್ರಷ್ಷು ಇರಲಿಲ್ಲ.

"ಬ್ರಷ್ಷು ಎಲ್ಲಿ ಹೋಯ್ತು?" ಎಂದು ಹುಡುಕುತ್ತಿದ್ದವನ ಕೈ ಅಲ್ಲೇ ನಿಂತಿತು. ಬ್ರಷ್ಷು ತಾತನ ಕಿಟಕಿಯ ಕಟ್ಟೆಯ ಮೇಲಿತ್ತು. ಅದರ ಪಕ್ಕದಲ್ಲಿ ತಾತ ಇದ್ದರು.

ಓಡಿದ. ಬಾಗಿಲು ತೆಗೆದ ಸೊಸೆ ಈ ಸಲ ತಮಾಷೆ ಮಾಡಲಿಲ್ಲ. "ಹೋಗಿ ನೋಡಿ ನಿಮ್ಮ ಕೆಲಸಾನ. ಒದ್ದೆ ಟವೆಲ್ ಹಿಡ್ಕೊಂಡು ಎರಡು ಸಲ ಹೋದೆ. ಮುಖ ತಿರುಗಿಸ್ಬಿಟ್ರು. ಊಟಕ್ಕೂ ಏಳ್ತಿಲ್ಲ" ಎಂದಳು.

ತಾತ, ಮಾವ ಬಿಟ್ಟುಹೋದಲ್ಲೇ ಕೂತಿದ್ದರು. ಎಡಗೆನ್ನೆಯ ಮೇಲೆ ನೊರೆ ಒಣಗಿ, ಹಳೇ ಗೋಡೆಯ ಸುಣ್ಣದ ಹಾಗೆ ಬಿರುಕು ಬಿಟ್ಟಿತ್ತು. ಚೂರುಗಳು ಕೊರಳ ಬಟ್ಟೆಯ ಮೇಲೆ ಉದುರಿದ್ದವು. ಮಾವ ಹತ್ತಿರ ಹೋಗಿ ಬಗ್ಗಿ ನೋಡಿದ. ಕೇಳಿದ, "ಯಾಕೆ ತಾತಾ ಒರೆಸ್ಕೊಳ್ಳಲಿಲ್ಲ? ಉರಿಯೋದಿಲ್ವಾ?"

"ಉರೀತು" ಎಂದರು ತಾತ. ಆಮೇಲೆ ಒಂದೊಂದೇ ಮಾತು ಎತ್ತಿ ಇಡುವವರ ಹಾಗೆ ಹೇಳಿದರು. "ಒರೆಸಿದ್ರೆ... ನೀನು ಬರಲ್ಲ ಅಂತ... ಆಯ್ತಲ್ಲ."

"ನಾನು ಮರೆತೇಬಿಟ್ಟಿದ್ದೆ ತಾತಾ. ಕ್ರೇನಿಂದಲ್ಲ ತಪ್ಪು. ಕ್ರೇನ್ ಹೋಗಿ ಎಷ್ಟೋ ಹೊತ್ತಾಯ್ತು. ನಾನು ಮರೆತೆ. ಬೈಯಿರಿ."

"ಮೊದಲು... ಈ ಕಡೆ ಮುಗಿಸು."

ಸೊಸೆ ಬಿಸಿನೀರು ತಂದಿಟ್ಟಳು. ಮಾವ ಬಟ್ಟೆ ಅದ್ದಿ ಆ ಒಣಗಿದ ನೊರೆಯನ್ನು ನೆನೆಸುತ್ತ ನೆನೆಸುತ್ತ ಮೆಲ್ಲಗೆ ತೆಗೆದ. ಕೆಳಗೆ ಚರ್ಮ ಕೆಂಪಗಾಗಿತ್ತು. ಹೊಸ ನೊರೆ ಹಚ್ಚಿದ. ಕಣ್ಣಲ್ಲಿ ನೀರು ಬಂದು ಕೆನ್ನೆ ಸರಿಯಾಗಿ ಕಾಣುತ್ತಿರಲಿಲ್ಲ. ಅಷ್ಟು ಜನರ ಮುಖ ಮುಟ್ಟಿದವನು ಮೊದಲ ಸಲ ಒಂದು ಮುಖವನ್ನು ನೋಡಿದ ಹಾಗಿತ್ತು ಎಂದು ಆಮೇಲೆ ಅವನೇ ಅಮ್ಮನ ಹತ್ತಿರ ಹೇಳಿದ. ಹೊರಗೆ ಕೆಲಸದವರು ಏನೋ ಬೀಳಿಸಿ ಧಡಾರ್ ಎಂದು ಸದ್ದಾಯಿತಂತೆ. ಅದು ಏನೆಂದು ಅವನಿಗೆ ಈಗಲೂ ಗೊತ್ತಿಲ್ಲ.

ಮುಗಿದ ಮೇಲೆ ನೆಲದ ಮೇಲೆಯೇ ಕೂತುಬಿಟ್ಟ. "ತಾತಾ, ನನ್ನ ಮಗಳೂ ಹೀಗೇ ಕೂತಿದ್ಲು. ಅಲ್ಲಾಡಬೇಡ ಅಂದಿದ್ದೆ. ಕೂತೇ ಇದ್ಲು. ನಾನು ಬರಲೇ ಇಲ್ಲ" ಎಂದ. ಇದನ್ನು ಅವನು ಅಲ್ಲಿಯವರೆಗೆ ಯಾರ ಮುಂದೆಯೂ ಹೀಗೆ, ಕೊನೆಗೊಂದು ನಗೆಚಟಾಕಿ ಸೇರಿಸದೆ ಹೇಳಿರಲಿಲ್ಲ.

ತಾತ ಬಲಗೈಯನ್ನು ಅವನ ತಲೆಯ ಮೇಲಿಟ್ಟರು. "ನಾನೂ ಓಡ್ದೋನೇ. ಬಸ್ಸು ನೇರ ಓಡಿಸ್ತಿದ್ದೆ... ನನ್ನನ್ನಲ್ಲ. ಕುಡಿತ, ಇಸ್ಪೀಟು, ಸಿಟ್ಟು. ಅಷ್ಟು ವರ್ಷ ಯೇಸು ಕಾದ ಕಣೋ. ಇವನು ಬರಲ್ಲ ಅಂತ... ಒರೆಸ್ಕೊಂಡು ಎದ್ದು ಹೋಗಲಿಲ್ಲ. ಉರೀತು ಅವನಿಗೆ. ಶಿಲುಬೆ ಮೇಲೂ... ಕಾಯ್ತಾನೇ ಇದ್ದ."

"ನಾನು ಅವನಿಗೂ ಅರ್ಧ ಪ್ರಾರ್ಥನೆ ಮಾಡಿ ಎದ್ದು ಬಂದೋನು ತಾತಾ. ಎಷ್ಟು ಸಲವೋ."

"ಹಾಗಾದ್ರೆ ಇನ್ನರ್ಧ... ಇವತ್ತು ಮಾಡು."

ಮಾವ ಪ್ರಾರ್ಥನೆ ಮಾಡಿದ. ದೊಡ್ಡ ಮಾತೇನೂ ಬರಲಿಲ್ಲವಂತೆ. "ಯೇಸುವೇ, ನಾನು ಬಿಟ್ಟು ಹೋಗೋನು. ಹೋಗಿ ಮರೆತೂಬಿಡೋನು. ಅದು ನನ್ನ ಪಾಪ, ಬೇರೆ ಯಾರದ್ದೂ ಅಲ್ಲ. ನೀನು ಇನ್ನೂ ಕೂತಿದ್ರೆ, ನಾನು ಬಂದಿದೀನಿ. ನನ್ನನ್ನ ಹಿಡ್ಕೋ" ಎಂದ. ಆಮೆನ್ ಎಂದಾಗ, ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಸೊಸೆ ಟವೆಲಿನಿಂದ ಕಣ್ಣೊರೆಸಿಕೊಂಡು, "ಈಗಲಾದ್ರೂ ನಮ್ಮ ಮಾವಯ್ಯನ್ನ ಊಟಕ್ಕೆ ಬಿಡ್ತೀರಾ?" ಎಂದು ಗದರಿದಳು.

ಮರುದಿನವೇ ಮಾವ ಕಂಬದ ಹಾಗೆ ನಿಂತುಬಿಟ್ಟ ಎಂದು ನಾನು ಹೇಳಿದರೆ ಅತ್ತೆಯೇ ನನ್ನ ಕಿವಿ ಹಿಂಡುತ್ತಾಳೆ. ಕತ್ತು ತಿರುಗುತ್ತಲೇ ಇತ್ತು. ಒಂದೆರಡು ಸಲ ಬಾಗಿಲವರೆಗೆ ಹೋಗಿ, "ಅಯ್ಯೋ ದೇವರೇ" ಎಂದು ವಾಪಸು ಬಂದದ್ದೂ ಉಂಟು. ಆದರೆ ಅವನೊಂದು ರೂಢಿ ಹಿಡಿದ. ಯಾರೇ ಕುರ್ಚಿಗೆ ಬರಲಿ, ಬಟ್ಟೆ ಹೊದಿಸಿದ ಮೇಲೆ ಅವರ ತಲೆಯ ಮೇಲೆ ಎಡ ಅಂಗೈ ಇಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ನೋಡುವವರಿಗೆ ಕೂದಲಿನ ದಿಕ್ಕು ನೋಡುತ್ತಿದ್ದಾನೆ ಅನ್ನಿಸುತ್ತಿತ್ತು. ಅವನು ಒಳಗೊಳಗೇ ಆ ಒಬ್ಬರಿಗಾಗಿ ಪ್ರಾರ್ಥಿಸುತ್ತಿದ್ದ. ಕೆಲಸದ ನಡುವೆ ಮನಸ್ಸು ಬೀದಿಗೆ ಹಾರಿದರೆ ರೇಜರ್ ಎತ್ತಿ, ಮತ್ತೆ ಅಂಗೈ ಇಟ್ಟು, ಮನಸ್ಸನ್ನು ಕರೆದುಕೊಂಡು ಬಂದು ಮುಂದುವರಿಸುತ್ತಿದ್ದ. "ನನ್ನ ಕೈಲಿ ನಿಲ್ಲೋಕಾಗಲ್ಲ ಅಕ್ಕಾ, ಅವನು ಹಿಡ್ಕೋತಾನೆ. ನಾನು ಜಾರಿದೆ ಅಂತ ಹೇಳಿದ್ರೆ ಸಾಕು" ಎನ್ನುತ್ತಿದ್ದ ಅಮ್ಮನಿಗೆ.

ಗಿರಾಕಿಗಳಿಗೆ ಇರಿಸುಮುರಿಸು. "ಏನಪ್ಪಾ ಅರ್ಧಣ್ಣ, ಒಂದು ಸುದ್ದಿ ಇಲ್ಲ, ಗಿದ್ದಿ ಇಲ್ಲ? ಮೌನವ್ರತಾನಾ?" ಎಂದು ಪೊಲೀಸಪ್ಪ ಕೇಳಿದ.

"ನಿಮ್ಮ ಮೀಸೆ ಪೂರ್ತಿ ಮಾಡ್ತಿದೀನಿ ಸಾರ್. ಅದೇ ಇವತ್ತಿನ ಸುದ್ದಿ."

ಚರ್ಚಿನಲ್ಲಿ ಅವನ ದೀಕ್ಷಾಸ್ನಾನದ ದಿನ ಬಸ್ ತಾತನನ್ನು ಗಾಲಿಕುರ್ಚಿಯಲ್ಲಿ ತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮಾವ ಸೊಂಟದವರೆಗಿನ ನೀರಿನಲ್ಲಿ ನಿಂತಾಗ ಹಿಂದಿನಿಂದ ಯಾರೋ, "ಪಾಸ್ಟರೇ, ಅರ್ಧ ಮುಳುಗಿಸಿ ಬಿಟ್ಟೀರಿ, ಪೂರ್ತಿ ಮುಳುಗಿಸಿ" ಎಂದರು. ಸಭೆಯೆಲ್ಲ ನಕ್ಕಿತು, ಪಾಸ್ಟರೂ ನಕ್ಕರು. ಮುಳುಗುವ ಮೊದಲು, ಯೇಸುವಿನ ಹತ್ತಿರ ಹೇಗೆ ಬಂದೆ ಎಂದು ಸಾಕ್ಷಿ ಹೇಳಬೇಕಲ್ಲ. ಮಾವ ತಾತನ ಕೆನ್ನೆಯ ಒಣಗಿದ ನೊರೆಯ ಬಗ್ಗೆ ಹೇಳಿದ, ಹಲಗೆಯ ಮೇಲೆ ಅಲ್ಲಾಡದೆ ಕೂತಿದ್ದ ಮಗಳ ಬಗ್ಗೆ ಹೇಳಿದ. "ನನಗಾಗಿ ಕಾದವನ ಹತ್ತಿರ ನಾನು ಬಂದಿದೀನಿ. ನನ್ನಿಂದ ನೊಂದವರು ಬರೋವರೆಗೆ ಈಗ ನಾನು ಕಾಯ್ತೀನಿ" ಎಂದ. ಪುಟ್ಟಿ ಅತ್ತೆಯ ಪಕ್ಕ ಕೂತು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಅವನು ನಿಜವಾಗಿಯೂ ಕಾದ. ದಿನಾ ಸಂಜೆ ಅಂಗಡಿ ಮುಚ್ಚುವ ಮೊದಲು ಪುಟ್ಟಿ ಅಂದು ಕೂತಿದ್ದ ಕಿಟಕಿ ಪಕ್ಕದ ಕುರ್ಚಿಯನ್ನು ಒರೆಸಿ, ಒಗೆದ ಬಟ್ಟೆಯೊಂದನ್ನು ಅದರ ತೋಳಿನ ಮೇಲೆ ಮಡಚಿಟ್ಟು, ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿರುತ್ತಿದ್ದ. ಮಗಳನ್ನು ಮಾತ್ರ ಒಮ್ಮೆಯೂ ಕರೆಯಲಿಲ್ಲ. ಅತ್ತೆಗೆ ತಡೆಯಲಾಗಲಿಲ್ಲ. "ರೀ, ಖಾಲಿ ಕುರ್ಚಿ ಕಾಯ್ತಾ ಕೂತರೆ ಜನ ಏನಂದ್ಕೋತಾರೆ? ಅವಳಿಗೊಂದು ಮಾತು ನಾನೇ ಹೇಳಲಾ?" ಎಂದಳು.

"ಬೇಡ ಕಣೇ. ತಾತ ನನ್ನನ್ನ ಕರ್ಕೊಂಡು ಬಾ ಅಂತ ಯಾರನ್ನಾದ್ರೂ ಕಳಿಸಿದ್ರಾ?"

ಪುಟ್ಟಿ ಈ ಮಾತನ್ನು ಅಡುಗೆಮನೆಯಿಂದ ಕೇಳಿಸಿಕೊಂಡಳೋ ಏನೋ. ಒಂದು ಸಂಜೆ ನಮ್ಮ ಮನೆಗೆ ಬಂದು ನನಗೆ, "ಅಕ್ಕಾ, ಅಂಗಡಿಗೆ ಹೋಗ್ಬರೋಣ ಬಾ" ಎಂದಳು. ನಾನು ಚಪ್ಪಲಿ ಹಾಕಿಕೊಂಡೆ. ದಾರಿಯಲ್ಲಿ ಅವಳು ಆಚೆ ಬದಿಯ ಫುಟ್‌ಪಾತಿನಲ್ಲೇ ನಡೆದಳು. ಅಂಗಡಿಯ ಎದುರು ನಿಂತು, ಎರಡೂ ಕಡೆ ನೋಡಿ, ರಸ್ತೆ ದಾಟಿದಳು.

ಮಾವ ಬೆಂಚಿನಿಂದ ಎದ್ದು ನಿಂತ. ಪುಟ್ಟಿ ಕುರ್ಚಿಯಲ್ಲಿ ಕೂತಳು. ಹಲಗೆ ಬೇಕಾಗದಷ್ಟು ಎತ್ತರವಾಗಿದ್ದಳು. ಜಡೆ ಬಿಚ್ಚಿ, "ಕಿವಿಯವರೆಗೆ. ಎರಡೂ ಕಡೆ" ಎಂದಳು.

"ಎರಡೂ ಕಡೆ" ಎಂದ ಮಾವ. ಬಟ್ಟೆ ಹೊದಿಸಿದ. ಅವಳ ತಲೆಯ ಮೇಲೆ ಎಡ ಅಂಗೈ ಇಟ್ಟು ನಿಂತ. ಆ ದಿನ ತುಂಬ ಹೊತ್ತೇ ನಿಂತ. ಕನ್ನಡಿಯಲ್ಲಿ ಅವನ ಕಣ್ಣು ಮುಚ್ಚಿದ್ದು ಕಾಣುತ್ತಿತ್ತು.

ಎಡಗಡೆ ಮುಗಿಯಿತು. ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಗಂಟೆ ಬಾರಿಸುತ್ತ ಅಗ್ನಿಶಾಮಕ ದಳದ ಗಾಡಿ ಬಂತು. ಜನ ಅಂಗಡಿಯ ಮುಂದೆಯೇ ಓಡಿದರು. ಹಣ್ಣಿನಂಗಡಿಯವನು ಇಣುಕಿ, "ಅರ್ಧಣ್ಣಾ, ಬಾರೋ ಬೇಗ! ಬೆಂಕಿಯಲ್ಲವಂತೆ, ಹೋಟೆಲಿನ ಚಿಮಣಿ ಒಳಗೆ ಬೆಕ್ಕು ಸಿಕ್ಕಿಹಾಕ್ಕೊಂಡಿದೆಯಂತೆ!" ಎಂದು ಕೂಗಿದ. ಇದಕ್ಕಿಂತ ದೊಡ್ಡ ಪರೀಕ್ಷೆ ಮಾವನಿಗೆ ಇನ್ನಾವುದಿದೆ! ಕತ್ತರಿ ಗಾಳಿಯಲ್ಲಿ ನಿಂತಿತು.

ಪುಟ್ಟಿ ಕನ್ನಡಿಯಲ್ಲಿ ಅಪ್ಪನ ಮುಖ ನೋಡುತ್ತಿದ್ದಳು. "ಹೋಗಿ ನೋಡ್ಕೊಂಡು ಬಾ ಅಪ್ಪ. ನಾನು ಕಾಯ್ತೀನಿ" ಎಂದಳು. ಕೊಂಕಾಗಿ ಹೇಳಿದ್ದಲ್ಲ ಅದು. ನಿಜವಾಗಿಯೂ ಕಾಯುವ ದನಿ.

ಮಾವ ಎತ್ತಿದ ಕತ್ತರಿಯನ್ನು ಇಳಿಸಿದ. ಅಂಗೈಯನ್ನು ಮತ್ತೆ ಅವಳ ತಲೆಯ ಮೇಲಿಟ್ಟ. ಆಮೇಲೆ ಕುರ್ಚಿಯನ್ನು ಒಂದಿಷ್ಟು ಕಿಟಕಿಯ ಕಡೆ ತಿರುಗಿಸಿ, ತಾನು ಅವಳ ಬೆನ್ನ ಹಿಂದೆ ಸರಿದು ನಿಂತ. ಬೀದಿ ಈಗ ಅವಳಿಗೆ ಕಾಣುತ್ತಿತ್ತು. ಅವನು ನೋಡುತ್ತಿದ್ದದ್ದು ಅವಳ ಬಲಗಡೆಯ ಕೂದಲು ಮಾತ್ರ.

"ನೀನೇ ನೋಡಿ ಹೇಳು ಬಂಗಾರ" ಎಂದ. "ಏಣಿ ಹಾಕಿದ್ರಾ?"

"ಹಾಕಿದ್ರು. ಒಬ್ಬ ಹತ್ತುತಾ ಇದಾನೆ. ದಪ್ಪಗಿದಾನೆ ಅಪ್ಪ, ಅವನೂ ಸಿಕ್ಕಿಹಾಕ್ಕೋತಾನೆ."

"ತಲೆ ಅಲ್ಲಾಡಿಸಬೇಡ. ಆಮೇಲೆ?"

"ಬೆಕ್ಕಿನ ಬಾಲ ಕಾಣಿಸ್ತು. ಮಸಿ, ಪೂರ್ತಿ ಮಸಿ. ಹಿಡಿದ, ಹಿಡಿದ! ಅಯ್ಯೋ, ಪರಚಿಬಿಡ್ತು ಅವನಿಗೆ!"

ನಗುತ್ತ ನಗುತ್ತ ಅವಳು ಹೇಳುತ್ತಲೇ ಇದ್ದಳು. ಕತ್ತರಿ ಚಕ್ ಚಕ್ ಎಂದು ಬಲಗಿವಿಯ ಸುತ್ತ ಬರುತ್ತಿತ್ತು. ಬೆಕ್ಕು ಕೆಳಗೆ ಇಳಿದು, ಜನ ಚದುರಿ, ಗಾಡಿ ತಿರುಗಿ ಹೋಗುವಷ್ಟರಲ್ಲಿ ಮಾವ ಅವಳ ಕತ್ತಿನ ಮೇಲಿನ ಕೂದಲಿನ ಚೂರುಗಳನ್ನು ಬ್ರಷ್ಷಿನಿಂದ ಕೊಡವುತ್ತಿದ್ದ.